ಕಾಡಿನ ಪತ್ರಿಕೆಗೆ ಎಷ್ಟು ಅಂಕ?

ವಾರ್ಷಿಕ ಸಂಚಿಕೆಯ ಕನ್ನಡ ಪುಟಗಳಿಗೆ ನಾವು ಬರೆಯುವುದೆಂದರೆ ಸಾಮಾನ್ಯವಾಗಿ ಯುಗಾದಿಯ ಬಗ್ಗೆ, ರಾಜ್ಯೋತ್ಸವದ ಬಗ್ಗೆ, ಇಲ್ಲವೇ ಮಾತೃಭಾಷೆಯ ಮಹತ್ವದ ಬಗ್ಗೆ. ಈ ಸಲ ಅರಣ್ಯ ವಿಜ್ಞಾನದ ಒಂದು ಪತ್ರಿಕೆಯ ಬಗ್ಗೆ ಬರೆಯಬೇಕೆನಿಸಿದೆ. "ಬಿ.ಎ., ಬಿ.ಎಡ್. ಓದಿ ಕನ್ನಡ ಪಾಠ ಹೇಳುವ ನಿಮಗೆ ಕಾಡಿನ ಉಸಾಬರಿ ಏಕೆ?" ಎಂದು ಸ್ಟಾಫ್ ರೂಮಿನಲ್ಲೇ ಕೇಳಿದವರಿದ್ದಾರೆ. ಬಯಾಲಜಿಯವರು ನಕ್ಕಿದ್ದೂ ಆಯಿತು. ಇರಲಿ. ಕನ್ನಡ ವಿಭಾಗದಲ್ಲಿ ನಾವಿರುವುದು ಇಬ್ಬರೇ. ಇಬ್ಬರಿಗೂ ಕಾಡಿನ ವಿಷಯದಲ್ಲಿ ಇದ್ದ ಜ್ಞಾನವೆಂದರೆ 'ಗಂಧದ ಗುಡಿ' ಸಿನಿಮಾ ನೋಡಿದ್ದಷ್ಟೇ. ಆದರೂ ವಿಷಯ ತಾನಾಗಿಯೇ ನಮ್ಮ ಮೇಜಿನ ಮೇಲೆ ಬಂದು ಕುಳಿತಾಗ ಬೇಡವೆನ್ನುವುದು ಹೇಗೆ?

ಪತ್ರಿಕೆಯ ಹೆಸರು 'ಇಂಡಿಯನ್ ಫಾರೆಸ್ಟರ್'. ಇದು ಹುಟ್ಟಿದ್ದು 1875ರಲ್ಲಿ. ಅಂದರೆ 2025ಕ್ಕೆ ಅದಕ್ಕೆ 150 ವರ್ಷ ತುಂಬಿತು. ಪ್ರಪಂಚದಲ್ಲಿ ಇಷ್ಟು ಕಾಲದಿಂದ ನಡೆದು ಬಂದ ಅರಣ್ಯ ಪತ್ರಿಕೆಗಳನ್ನು ಬೆರಳೆಣಿಸಿ ಹೇಳಬಹುದು. ಮೊದಲ ಸಂಪಾದಕರು ವಿಲಿಯಂ ಷ್ಲಿಕ್ ಎಂಬ ಜರ್ಮನ್ ಮೂಲದ ಅರಣ್ಯಾಧಿಕಾರಿ. ಭಾರತದಲ್ಲಿ ಅರಣ್ಯ ಇಲಾಖೆಗೆ ಬುನಾದಿ ಹಾಕಿದ ಡೀಟ್ರಿಚ್ ಬ್ರ್ಯಾಂಡಿಸ್ ಕೂಡ ಜರ್ಮನಿಯವರೇ. ಈ ಷ್ಲಿಕ್ ಮುಂದೆ ಇಂಗ್ಲೆಂಡಿಗೆ ಹೋಗಿ ಅಲ್ಲಿ ಅರಣ್ಯಶಾಸ್ತ್ರ ಕಲಿಸಿದರು. 1905ರಲ್ಲಿ ಆ ವಿಭಾಗ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಸೇರಿತು. ಅಂದರೆ ಭಾರತದ ಕಾಡುಗಳಲ್ಲಿ ಕಲಿತದ್ದನ್ನು ಇಂಗ್ಲಿಷರಿಗೆ ಪಾಠ ಹೇಳಿದರು ಎನ್ನಬೇಕು! ಪತ್ರಿಕೆ ಮೊದಲು ಮೂರು ತಿಂಗಳಿಗೊಮ್ಮೆ ಬರುತ್ತಿತ್ತು, ನಂತರ ಮಾಸಪತ್ರಿಕೆಯಾಯಿತು. ಡೆಹ್ರಾಡೂನಿನಲ್ಲಿ 1906ರಲ್ಲಿ ಅರಣ್ಯ ಸಂಶೋಧನಾ ಸಂಸ್ಥೆ ಆರಂಭವಾದ ಮೇಲೆ ಆ ಊರೇ ಅರಣ್ಯ ವಿಜ್ಞಾನಕ್ಕೆ ತವರಾಯಿತು.

ಅದರಲ್ಲಿ ಏನು ಬರೆಯುತ್ತಿದ್ದರು? ಈಗ ವಿಜ್ಞಾನ ಪತ್ರಿಕೆ ಎಂದರೆ ನಮಗೆ ಕೋಷ್ಟಕ, ಗ್ರಾಫ್, ಬಾಯಿ ತಿರುಗದ ಪದಗಳು ನೆನಪಾಗುತ್ತವೆ. ಹಳೆಯ ಸಂಚಿಕೆಗಳಲ್ಲಿ ಹಾಗಲ್ಲ. ಯಾವುದೋ ಜಿಲ್ಲೆಯ ಅಧಿಕಾರಿ ಕುದುರೆಯ ಮೇಲೆ ತಿರುಗಾಡಿ ಬಂದು, ಈ ವರ್ಷ ಇಂಥ ಬೆಟ್ಟದ ಸಾಲಿನಲ್ಲಿ ಬಿದಿರು ಹೂಬಿಟ್ಟಿದೆ, ಇಂಥ ಕಡೆ ತೇಗದ ಎಲೆಯನ್ನು ಹುಳು ತಿಂದಿದೆ, ಕಾಡ್ಗಿಚ್ಚಿನ ನಂತರ ಈ ಜಾತಿಯ ಗಿಡ ಮೊದಲು ಚಿಗುರಿದೆ ಎಂದು ಬರೆದು ಕಳಿಸುತ್ತಿದ್ದ. ಒಂದು ಪುಟ, ಕೆಲವು ಸಲ ಅರ್ಧ ಪುಟ. ನಮ್ಮ ಊರುಗಳಲ್ಲಿ ಅಜ್ಜಂದಿರು ಪಂಚಾಂಗದ ಅಂಚಿನಲ್ಲಿ "ಇವತ್ತು ಮೊದಲ ಮಳೆ" ಎಂದು ಗೀಚಿಡುತ್ತಿದ್ದರಲ್ಲ, ಹೆಚ್ಚು ಕಡಿಮೆ ಹಾಗೆಯೇ.

ಈ ಪತ್ರಿಕೆಯ ಹೆಸರನ್ನು ನಮಗೆ ಮೊದಲು ಹೇಳಿದವನು ನಮ್ಮ ಶಾಲೆಯಲ್ಲೇ ಹತ್ತನೇ ತರಗತಿಯವರೆಗೆ ಕನ್ನಡ ಓದಿದ ಹುಡುಗ. ಈಗ ಮಲೆನಾಡಿನ ಒಂದು ಅರಣ್ಯ ಕಾಲೇಜಿನಲ್ಲಿ ಎಂ.ಎಸ್ಸಿ. ಮಾಡುತ್ತಿದ್ದಾನೆ. ಅವನ ತಂದೆ ತಾಯಿ ಇಲ್ಲಿ ಮಸ್ಕತ್ತಿನಲ್ಲೇ ಇರುವುದರಿಂದ ಕಳೆದ ರಜೆಯಲ್ಲಿ ಬಂದಿದ್ದ, ನಮ್ಮನ್ನೂ ಕಾಣಲು ಬಂದ. ಎರಡು ವರ್ಷ ಬಯಲುಸೀಮೆಯ ರೈತರ ಹೊಲದ ಬದುಗಳಲ್ಲಿ ತಿರುಗಿ ಶ್ರೀಗಂಧದ ಗಿಡಗಳನ್ನು ಎಣಿಸಿದ್ದನಂತೆ. ಎಷ್ಟು ಗಿಡಕ್ಕೆ ಸ್ಪೈಕ್ ರೋಗ ತಗುಲಿದೆ, ಪಕ್ಕದಲ್ಲಿ ಯಾವ ಗಿಡವಿದೆ ಎಂದು ಬರೆದಿಟ್ಟುಕೊಂಡಿದ್ದ. ಲೇಖನ ಸಿದ್ಧವಾಗಿತ್ತು. ಎಲ್ಲಿಗೆ ಕಳಿಸುವುದು ಎಂಬುದೇ ಚಿಂತೆ.

"ಮಿಸ್, ನನಗೆ ಇಂಡಿಯನ್ ಫಾರೆಸ್ಟರ್‌ಗೆ ಕಳಿಸೋ ಆಸೆ. ಅರಣ್ಯ ಇಲಾಖೆಯವರು ಓದೋದು ಅದನ್ನೇ. ಆದರೆ ದೊಡ್ಡ ನಂಬರ್ ಇರೋ ಪತ್ರಿಕೆಗಳ ಪಟ್ಟಿಯಲ್ಲಿ ಅದು ಬರಲ್ಲ. ಮುಂದೆ ಪಿಎಚ್.ಡಿ.ಗೆ ಅರ್ಜಿ ಹಾಕುವಾಗ ಇಂಪ್ಯಾಕ್ಟ್ ಫ್ಯಾಕ್ಟರ್ ಎಷ್ಟು ಅಂತಾನೇ ಮೊದಲು ಕೇಳ್ತಾರೆ" ಎಂದ.

"ಅದೇನೋ ಅದು, ನಮಗೂ ಸ್ವಲ್ಪ ಬಿಡಿಸಿ ಹೇಳು" ಎಂದೆವು. ಕರಿಹಲಗೆಯ ಮುಂದೆ ಅವನು ಮೇಷ್ಟ್ರಾದ, ನಾವು ಬೆಂಚಿನಲ್ಲಿ ಕುಳಿತೆವು. ಅವನು ಹೇಳಿದ್ದನ್ನೂ ನಂತರ ನಾವು ಹುಡುಕಿ ಓದಿದ್ದನ್ನೂ ಸೇರಿಸಿ ಇಲ್ಲಿ ಹೇಳುತ್ತೇವೆ. ಎಂಟನೇ ತರಗತಿಯ ಗಣಿತ ಸಾಕು.

ಒಬ್ಬ ವಿಜ್ಞಾನಿ ಲೇಖನ ಬರೆಯುವಾಗ, ತನಗಿಂತ ಮೊದಲು ಇಂಥವರು ಹೀಗೆ ಹೇಳಿದ್ದಾರೆ ಎಂದು ಹೆಸರಿಸುತ್ತಾನೆ. ಅದಕ್ಕೆ ಉಲ್ಲೇಖ ಎನ್ನುತ್ತೇವೆ. ಈಗ ಒಂದು ಪತ್ರಿಕೆ 2023 ಮತ್ತು 2024ರಲ್ಲಿ ಒಟ್ಟು 200 ಲೇಖನ ಪ್ರಕಟಿಸಿತು ಎನ್ನಿ. ಆ ಲೇಖನಗಳನ್ನು 2025ರಲ್ಲಿ ಬೇರೆ ಬೇರೆ ವಿಜ್ಞಾನಿಗಳು ಒಟ್ಟು 300 ಸಲ ಉಲ್ಲೇಖಿಸಿದರು ಎನ್ನಿ. 300ನ್ನು 200ರಿಂದ ಭಾಗಿಸಿದರೆ 1.5. ಇದೇ ಆ ಪತ್ರಿಕೆಯ 2025ರ ಇಂಪ್ಯಾಕ್ಟ್ ಫ್ಯಾಕ್ಟರ್, ಪ್ರಭಾವದ ಅಂಕ. ಎರಡು ವರ್ಷಕ್ಕಿಂತ ಹಳೆಯದಾದ ಲೇಖನವನ್ನು ಎಷ್ಟು ಜನ ನೆನೆದರೂ ಈ ಲೆಕ್ಕಕ್ಕೆ ಅದು ಬರುವುದಿಲ್ಲ.

ಇದರ ಹಿಂದೆ ಇದ್ದವರು ಅಮೆರಿಕದ ಯೂಜೀನ್ ಗಾರ್ಫೀಲ್ಡ್. 1955ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಉಲ್ಲೇಖಗಳ ಸೂಚಿಯೊಂದು ಬೇಕು ಎಂದು ಬರೆದರು, 1960ರ ದಶಕದಲ್ಲಿ ಅದನ್ನು ಮಾಡಿಯೂ ತೋರಿಸಿದರು. ಸಾವಿರಾರು ಪತ್ರಿಕೆಗಳಿರುವಾಗ ಸೂಚಿಗೆ ಯಾವುದನ್ನು ಸೇರಿಸಬೇಕು, ಕೈಯಲ್ಲಿರುವ ಹಣಕ್ಕೆ ಗ್ರಂಥಾಲಯ ಯಾವುದನ್ನು ಕೊಳ್ಳಬೇಕು ಎನ್ನುವುದಕ್ಕೆ ಈ ಲೆಕ್ಕ ಉಪಯೋಗಕ್ಕೆ ಬಂತು. ಅದರಲ್ಲಿ ತಪ್ಪೇನೂ ಕಾಣದು. ನಮ್ಮ ಶಾಲೆಯ ಲೈಬ್ರರಿಗೂ ವರ್ಷಕ್ಕೆ ಇಷ್ಟೇ ಎಂದು ಹಣವಿರುತ್ತದೆ, ಯಾವ ಪುಸ್ತಕವನ್ನು ಮಕ್ಕಳು ಹೆಚ್ಚು ಒಯ್ಯುತ್ತಾರೆಂದು ನೋಡಿಯೇ ಮುಂದಿನ ಪಟ್ಟಿ ಮಾಡುವುದು. ಆದರೆ ಪತ್ರಿಕೆಗೆ ಕೊಟ್ಟ ಅಂಕ ಬರಬರುತ್ತ ಅದರಲ್ಲಿ ಬರೆದ ಮನುಷ್ಯನ ಅಂಕವಾಗಿಬಿಟ್ಟಿತು. ಕೆಲಸ ಕೊಡುವಾಗ ಅದು, ಬಡ್ತಿ ಕೊಡುವಾಗ ಅದು. ಇದು ಸರಿಯಲ್ಲವೆಂದು ವಿಜ್ಞಾನಿಗಳು, ಸಂಪಾದಕರು 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿ ಒಂದು ಘೋಷಣೆಗೆ ನಾಂದಿ ಹಾಡಿದರು. ಪತ್ರಿಕೆಯ ಅಂಕ ನೋಡಿ ಲೇಖಕನನ್ನು ಅಳೆಯಬೇಡಿ, ಬರೆದದ್ದನ್ನು ಓದಿ ಎಂಬುದೇ ಅದರ ತಾತ್ಪರ್ಯ.

ಇಲ್ಲಿ ಕಾಡಿನ ಮಾತು ಬರುತ್ತದೆ. ಔಷಧ ವಿಜ್ಞಾನದಲ್ಲಿ ಎರಡು ವರ್ಷ ದೊಡ್ಡ ಕಾಲವಿರಬಹುದು. ಮರಕ್ಕೆ? ಕೇರಳದ ನೀಲಂಬೂರಿನಲ್ಲಿ 1840ರ ದಶಕದಲ್ಲಿ ನೆಟ್ಟ ತೇಗದ ಮರಗಳಲ್ಲಿ ಕೆಲವು ಇನ್ನೂ ನಿಂತಿವೆ, ನಮ್ಮ ಮಲಯಾಳಿ ವಿದ್ಯಾರ್ಥಿಗಳಲ್ಲಿ ನೋಡಿ ಬಂದವರಿದ್ದಾರೆ. ತೇಗವನ್ನು ಎಷ್ಟು ಒತ್ತಾಗಿ ನೆಟ್ಟರೆ ಒಳ್ಳೆಯದು ಎಂದು ಇವತ್ತು ಒಬ್ಬರು ಬರೆದರೆ, ಅದು ಸರಿಯೋ ತಪ್ಪೋ ಎಂದು ಪೂರ್ತಿಯಾಗಿ ತಿಳಿಯುವ ಹೊತ್ತಿಗೆ ಬರೆದವರ ಮೊಮ್ಮಕ್ಕಳು ನಿವೃತ್ತರಾಗಿರುತ್ತಾರೆ.

ಹುಡುಗ ಹಿಡಿದುಕೊಂಡಿದ್ದ ಸ್ಪೈಕ್ ರೋಗದ ಕಥೆಯನ್ನೇ ನೋಡೋಣ. ಶ್ರೀಗಂಧ ಕನ್ನಡಿಗರಿಗೆ ಬರಿಯ ಮರವಲ್ಲ. ಟಿಪ್ಪುವಿನ ಕಾಲದಲ್ಲಿ ಅದು ರಾಜವೃಕ್ಷವಾಯಿತು. 1916ರಲ್ಲಿ ಮೈಸೂರು ಸರ್ಕಾರ ಗಂಧದೆಣ್ಣೆಯನ್ನು ತಾನೇ ತೆಗೆಯಲು ಶುರುಮಾಡಿತು. ಮೈಸೂರು ಸ್ಯಾಂಡಲ್ ಸೋಪು ಇಲ್ಲಿನ ನಮ್ಮ ಎಷ್ಟೋ ಮನೆಗಳ ಸ್ನಾನದ ಮನೆಯಲ್ಲಿ ಇವತ್ತಿಗೂ ಇದೆ. ಮತ್ರಾ ಸೂಕ್‌ನಲ್ಲಿ ಲೋಬಾನದ ಹೊಗೆಯ ನಡುವೆ ಬಖೂರ್ ಅಂಗಡಿಯವರು ಶ್ರೀಗಂಧದ ಚಕ್ಕೆ ಮುಂದೆ ಹಿಡಿದು "ಹಿಂದಿ, ಹಿಂದಿ" ಎನ್ನುವಾಗ ನಾವು ಬೆಲೆ ಕೇಳಿ ಸುಮ್ಮನೆ ಮುಂದೆ ಹೋಗುತ್ತೇವೆ!

ಈ ಮರಕ್ಕೆ ವಿಚಿತ್ರ ರೋಗವೊಂದು ತಗುಲಿದೆ ಎಂದು ಮೊದಲು ದಾಖಲಾದದ್ದು 1899ರಲ್ಲಿ, ಕೊಡಗಿನಲ್ಲಿ. ಮೆಕ್ಕಾರ್ಥಿ ಎಂಬುವರು ಗಮನಿಸಿದರು. ಎಲೆ ಚಿಕ್ಕದಾಗುತ್ತದೆ, ಗೆಣ್ಣುಗಳ ನಡುವಿನ ಅಂತರ ಕಡಿಮೆಯಾಗಿ ಎಲೆಗಳು ಒತ್ತಾಗಿ ಮೊನೆಯಂತೆ ನೆಟ್ಟಗೆ ನಿಲ್ಲುತ್ತವೆ. ಮೊನೆಗೆ ಇಂಗ್ಲಿಷಿನಲ್ಲಿ ಸ್ಪೈಕ್, ಹಾಗಾಗಿ ಆ ಹೆಸರು. ಎರಡು ಮೂರು ವರ್ಷದಲ್ಲಿ ಮರ ಸಾಯುತ್ತದೆ. ಮದ್ರಾಸ್ ಸರ್ಕಾರದ ಸಸ್ಯಶಾಸ್ತ್ರಜ್ಞ ಸಿ.ಎ. ಬಾರ್ಬರ್ ಕೊಡಗಿಗೆ ಬಂದು ನೋಡಿದರು. ಅವರ ವರದಿ 1903ರಲ್ಲಿ ಇಂಡಿಯನ್ ಫಾರೆಸ್ಟರ್‌ನಲ್ಲಿ ಬಂತು. (ಇದೇ ಬಾರ್ಬರ್ ಮುಂದೆ ಕೊಯಮತ್ತೂರಿನಲ್ಲಿ ಕಬ್ಬಿನ ತಳಿಗಳ ಕೆಲಸ ಮಾಡಿ ಹೆಸರಾದರು.) ಕಾರಣ ಗೊತ್ತಾಗಲಿಲ್ಲ. ಬೇರಿನ ತೊಂದರೆಯೇ, ಮಣ್ಣಿನ ದೋಷವೇ, ಬೆಂಕಿಯೇ ಎಂದು ವಾದಗಳು ನಡೆದವು. ಶ್ರೀಗಂಧ ಪಕ್ಕದ ಗಿಡಗಳ ಬೇರಿಗೆ ತನ್ನ ಬೇರು ತಗುಲಿಸಿ ಆಹಾರ ಹೀರಿಕೊಳ್ಳುವ ಮರವಾದ್ದರಿಂದ ಅನುಮಾನಗಳು ಇನ್ನೂ ಹೆಚ್ಚು. ಮೈಸೂರಿನ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವುದನ್ನು ಕಲಿಸಿದರಲ್ಲ, ಅವರೇ, 1917ರಲ್ಲಿ ರೋಗಿ ಗಿಡದಿಂದ ಒಳ್ಳೆಯ ಗಿಡಕ್ಕೆ ಕಸಿ ಕಟ್ಟಿದರೆ ರೋಗ ದಾಟುತ್ತದೆ ಎಂದು ತೋರಿಸಿದರು. ಅಂಟುರೋಗ ಎನ್ನುವುದು ನಿಂತಿತು. ಯಾವ ಜೀವಿ ಎನ್ನುವುದು ಮಾತ್ರ ಸಿಗಲಿಲ್ಲ.

ಸಿಕ್ಕಿದ್ದು 1969ರಲ್ಲಿ. ಎರಡು ವರ್ಷ ಮೊದಲು ಜಪಾನಿನವರು ಹಿಪ್ಪುನೇರಳೆ ಮೊದಲಾದ ಗಿಡಗಳ ಕಾಯಿಲೆಯಲ್ಲಿ ಹೊಸ ಬಗೆಯ ಸೂಕ್ಷ್ಮಜೀವಿಯೊಂದನ್ನು ಕಂಡಿದ್ದರು. ಅದೇ ದಾರಿಯಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಶ್ರೀಗಂಧವನ್ನು ನೋಡಿದಾಗ ಅಂಥದ್ದೇ ಜೀವಿ, ಒಂದಲ್ಲ ಮೂರು ತಂಡಗಳ ಕಣ್ಣಿಗೆ ಒಂದೇ ವರ್ಷದಲ್ಲಿ ಬಿತ್ತು. ಈಗ ಅದನ್ನು ಫೈಟೋಪ್ಲಾಸ್ಮಾ ಎನ್ನುತ್ತಾರೆ. ಪೂರ್ತಿ ಗುಣಪಡಿಸುವ ಮದ್ದು ಇಂದಿಗೂ ಇಲ್ಲ.

1899ರಿಂದ 1969. ಎಪ್ಪತ್ತು ವರ್ಷ! ಈಗಿನ ಲೆಕ್ಕ ಆಗಲೇ ಇದ್ದಿದ್ದರೆ ಬಾರ್ಬರ್ ವರದಿಯನ್ನು 1904 ಮತ್ತು 1905ರಲ್ಲಿ ಯಾರಾದರೂ ಉಲ್ಲೇಖಿಸಿದರಷ್ಟೇ ಪತ್ರಿಕೆಗೆ ಅಂಕ. ಆಮೇಲೆ ಬಂದವರೆಲ್ಲ ಆ ವರದಿಯನ್ನು ತೆಗೆದು ಓದಿ, ರೋಗ ಆಗ ಎಲ್ಲೆಲ್ಲಿತ್ತು, ಹೇಗೆ ಕಾಣುತ್ತಿತ್ತು ಎಂದು ತಿಳಿದುಕೊಂಡದ್ದಕ್ಕೆ ಸೊನ್ನೆ.

ಬಿದಿರಿನ ಕಥೆ ಇನ್ನೂ ಸ್ವಾರಸ್ಯವಾಗಿದೆ. ಬಿದಿರಕ್ಕಿ ಬಂದರೆ ಬರಗಾಲ ಎಂದು ನಮ್ಮ ಹಿರಿಯರು ಹೇಳುವುದನ್ನು ಕೇಳಿದ್ದೀರಿ. ಬಿದಿರು ಬಹಳ ವರ್ಷಕ್ಕೊಮ್ಮೆ ಒಟ್ಟಿಗೆ ಹೂಬಿಟ್ಟು, ಕಾಳು ಉದುರಿಸಿ, ಒಟ್ಟಿಗೆ ಸಾಯುತ್ತದೆ. ಕಾಳು ತಿಂದು ಇಲಿಗಳು ಹೆಚ್ಚಿ ಆಮೇಲೆ ಗದ್ದೆಗೆ ನುಗ್ಗುತ್ತವೆ. ಮಿಜೋರಾಂನಲ್ಲಿ ಇದಕ್ಕೆ 'ಮೌತಾಮ್' ಎನ್ನುತ್ತಾರೆ. ಅಲ್ಲಿನ ಬಿದಿರು ಸುಮಾರು 48 ವರ್ಷಕ್ಕೊಮ್ಮೆ ಹೂಬಿಡುತ್ತದೆ: 1911ರ ಸುಮಾರಿಗೆ, 1959ರಲ್ಲಿ, 2007ರಲ್ಲಿ. 1959ರಲ್ಲಿ ಭೀಕರ ಕ್ಷಾಮವಾಯಿತು. 2007ರ ಹೊತ್ತಿಗೆ ಜನರ ನೆನಪು, ಹಳೆಯ ದಾಖಲೆ ಎರಡೂ ಇದ್ದುದರಿಂದ ಸರ್ಕಾರ ಮುಂಚಿತವಾಗಿಯೇ ಸಿದ್ಧತೆ ಆರಂಭಿಸಿತ್ತು. ಒಬ್ಬ ಅಧಿಕಾರಿ ತನ್ನ ಕೆಲಸದ ಅವಧಿಯಲ್ಲಿ ಇಂಥ ಹೂವನ್ನು ನೋಡುವುದು ಹೆಚ್ಚೆಂದರೆ ಒಂದೇ ಸಲ. ಆ ಒಂದು ಸಲ ಅವನು ಬರೆದಿಡದೆ ಹೋದರೆ ಮುಂದಿನವನಿಗೆ ಲೆಕ್ಕ ಸಿಗುವುದೆಲ್ಲಿ? ಬ್ರ್ಯಾಂಡಿಸ್ ಅವರೇ 1899ರಲ್ಲಿ ಈ ಪತ್ರಿಕೆಯಲ್ಲಿ ಬಿದಿರಿನ ಬಗ್ಗೆ ಉದ್ದನೆಯ ಲೇಖನ ಬರೆದರು. 1949ರಲ್ಲಿ ಕೆ. ಕದಂಬಿ ಅವರು ಮೈಸೂರು ಸಂಸ್ಥಾನದ ಭದ್ರಾವತಿ ವಿಭಾಗದ ಬಿದಿರು ಕಾಡುಗಳ ಬಗ್ಗೆ ಬರೆದದ್ದು ಕಂತುಗಳಲ್ಲಿ ಬಂತು. 1976ರಲ್ಲಿ ಅಮೆರಿಕದ ಡೇನಿಯಲ್ ಜಾನ್ಜೆನ್, ಬಿದಿರು ಹೂಬಿಡಲು ಇಷ್ಟು ವರ್ಷ ಕಾಯುವುದೇಕೆ ಎಂದು ಕೇಳಿ ಹೆಸರುವಾಸಿಯಾದ ಲೇಖನವನ್ನು ಬರೆದರು. ಒಮ್ಮೆಲೇ ರಾಶಿ ರಾಶಿ ಕಾಳು ಉದುರಿಸಿದರೆ ತಿನ್ನುವ ಪ್ರಾಣಿಗಳ ಹೊಟ್ಟೆ ತುಂಬಿ ಮಿಕ್ಕಿದ್ದು ಮೊಳೆಯುತ್ತದೆ ಎಂಬುದು ಅವರ ವಾದ. ಅದಕ್ಕೆ ಅವರು ಭಾರತದ ಅರಣ್ಯಾಧಿಕಾರಿಗಳ ಹಳೆಯ ಬರಹಗಳನ್ನು ಬಹಳವಾಗಿ ಬಳಸಿಕೊಂಡರು.

ಇದಲ್ಲದೆ ಇನ್ನೊಂದು ಮಾತಿದೆ. ಉಲ್ಲೇಖಿಸಬೇಕಾದರೆ ಓದಿದವನು ತಾನೂ ಲೇಖನ ಬರೆಯುವವನಾಗಿರಬೇಕು. ನರ್ಸರಿಯಲ್ಲಿ ಸಸಿ ಬೆಳೆಸುವವರು, ರೇಂಜ್ ಆಫೀಸರುಗಳು, ಫಾರೆಸ್ಟ್ ಗಾರ್ಡುಗಳು ಲೇಖನ ಬರೆಯುವುದಿಲ್ಲ. ಬೀಜವನ್ನು ಎಷ್ಟು ದಿನ ನೆನೆಸಬೇಕೆಂದು ಯಾವುದೋ ಲೇಖನದಿಂದ ತಿಳಿದು ಹತ್ತು ಸಾವಿರ ಸಸಿ ಬೆಳೆಸಿದವನ ಕೃತಜ್ಞತೆ ಯಾವ ಸೂಚಿಯಲ್ಲೂ ದಾಖಲಾಗದು.

ಪಾಲಕರೇ, ಸಂಖ್ಯೆಯ ಮಾತು ಬಂದಾಗ ನಮ್ಮ ಕಿವಿ ನೆಟ್ಟಗಾಗುವುದಕ್ಕೆ ನಮ್ಮದೇ ಕಾರಣವೂ ಇದೆ. ಪ್ರತಿ ಮಾರ್ಚಿನಲ್ಲಿ ಮಕ್ಕಳು ಮೂರನೇ ಭಾಷೆ ಆರಿಸಿಕೊಳ್ಳುವ ಫಾರ್ಮು ಬರುತ್ತದೆ. ಕಳೆದ ವರ್ಷ ಕನ್ನಡಕ್ಕೆ ಗುರುತು ಹಾಕಿದವರು ಒಂಬತ್ತು ಮಕ್ಕಳು. ಅದರ ಹಿಂದಿನ ವರ್ಷ ಹದಿನಾಲ್ಕು. ಉಡುಪಿ ಕಡೆಯ ತಂದೆಯೊಬ್ಬರು, ಒಳ್ಳೆಯ ಕನ್ನಡದಲ್ಲೇ, "ಟೀಚರ್, ಕನ್ನಡ ಸ್ಕೋರಿಂಗ್ ಆಗುತ್ತಾ? ಫ್ರೆಂಚ್ ಆದರೆ ನೂರಕ್ಕೆ ನೂರು ತೆಗೀತಾರಂತೆ" ಎಂದು ಕೇಳಿದರು. ಅವರು ಕೇಳಿದ್ದು ತಪ್ಪೆಂದು ನಾವು ಹೇಳುವುದಿಲ್ಲ. ಮಗಳ ಭವಿಷ್ಯ ಅವರಿಗೆ ಮುಖ್ಯ. ಆದರೆ ಆ ಮಗು ಊರಿಗೆ ಹೋದಾಗ ಅಜ್ಜಿಯ ಔಷಧದ ಚೀಟಿಯನ್ನೋ ಬಸ್ಸಿನ ಬೋರ್ಡನ್ನೋ ಓದುವುದು ಯಾವ ಪ್ರಶ್ನೆಪತ್ರಿಕೆಯಲ್ಲಿ ಬರುತ್ತದೆ? ಅವರಿಗೆ ಅಂದು ನಾವು ಕೊಟ್ಟ ಉತ್ತರ, "ಒಂದು ವರ್ಷ ಕಳಿಸಿ ನೋಡಿ ಸಾರ್" ಎಂಬುದಷ್ಟೇ. ಕಳಿಸಿದ್ದಾರೆ.

ಹುಡುಗನ ವಿಷಯಕ್ಕೆ ಬರೋಣ. "ನಿನ್ನ ಲೇಖನದ ಪ್ರಭಾವ ಯಾರ ಮೇಲೆ ಆಗಬೇಕು ಅಂತ ನಿನಗೆ ಆಸೆ?" ಎಂದು ನಾವು ಕೇಳಿದೆವು. ಅವನು ಬಹಳ ಹೊತ್ತು ಯೋಚಿಸಲಿಲ್ಲ. "ಗಂಧ ಬೆಳೆದ ರೈತರ ಮೇಲೆ ಮಿಸ್" ಎಂದ. ಮೊದಲೆಲ್ಲ ಸ್ವಂತ ಜಮೀನಿನಲ್ಲಿ ಹುಟ್ಟಿದ ಗಂಧದ ಮರವೂ ಸರ್ಕಾರದ್ದೇ ಆಗಿತ್ತು. ಕರ್ನಾಟಕದಲ್ಲಿ 2001ರ ತಿದ್ದುಪಡಿಯ ನಂತರ ಬೆಳೆದವರೇ ಒಡೆಯರಾದರು, ಹಾಗಾಗಿ ಬದುಗಳಲ್ಲಿ ಗಂಧ ಹಾಕಿದವರು ಬಹಳ. ಹತ್ತು ಹದಿನೈದು ವರ್ಷ ಮಕ್ಕಳಂತೆ ಸಾಕಿದ ಗಿಡದ ಎಲೆ ಸಣ್ಣದಾಗತೊಡಗಿದಾಗ ಅದು ನೀರಿನ ಕೊರತೆ ಎಂದು ಇನ್ನಷ್ಟು ನೀರು ಹಾಕುವವರನ್ನು ಅವನು ಕಣ್ಣಾರೆ ನೋಡಿದ್ದಾನೆ. ಅವರ ಕೈಗೆ ಡೆಹ್ರಾಡೂನಿನ ಪತ್ರಿಕೆಯೂ ಬಾರದು, ಲಂಡನ್ನಿನದೂ ಬಾರದು.

ಕೊನೆಗೆ ಅವನು ಇಂಗ್ಲಿಷ್ ಲೇಖನವನ್ನು ಡೆಹ್ರಾಡೂನಿಗೆ ಕಳಿಸುವುದೆಂದೂ, ರೈತರಿಗಾಗಿ ನಾಲ್ಕು ಪುಟದ ಕನ್ನಡ ಕರಪತ್ರ ಮಾಡುವುದೆಂದೂ ತೀರ್ಮಾನಿಸಿದ. ಪಿಎಚ್.ಡಿ. ಅರ್ಜಿಗೆ ಇದರಿಂದ ಏನಾಗುವುದೋ ಗೊತ್ತಿಲ್ಲ; ಅವನ ತಾಯಿ ನಮ್ಮ ಮೇಲೆ ಸ್ವಲ್ಪ ಮುನಿಸಿಕೊಂಡಿದ್ದಾರೆ ಎಂದೂ ಕೇಳಿದ್ದೇವೆ. ಕರಪತ್ರದ ಕನ್ನಡ ನೋಡಿಕೊಡುವುದು ನಮ್ಮ ಪಾಲಿಗೆ ಬಂತು. ಇದು ನಮ್ಮ ಕ್ಷೇತ್ರ!

ಮೂರು ಸಂಜೆ ಪದಗಳಿಗಾಗಿ ಕುಳಿತೆವು. ಸ್ಪೈಕ್ ರೋಗಕ್ಕೆ 'ಮೊನೆರೋಗ' ಎಂದು ನಾವು ಬರೆದೆವು. ಅವನು ತಲೆಯಾಡಿಸಿದ. ಒಬ್ಬ ರೈತರು ಅವನಿಗೆ "ಗಿಡಕ್ಕೆ ಪೊರಕೆ ಬಂದಿದೆ" ಎಂದಿದ್ದರಂತೆ. ರೆಂಬೆಯ ತುದಿ ನಿಜಕ್ಕೂ ಪೊರಕೆಯ ಹಾಗೆಯೇ ಕಾಣುತ್ತದೆ. ಹಾಗಾಗಿ ತಲೆಬರಹದಲ್ಲಿ 'ಪೊರಕೆ ರೋಗ', ಕೆಳಗೆ ಸಣ್ಣಕ್ಷರದಲ್ಲಿ 'ಸ್ಪೈಕ್ ರೋಗ'. ಗಂಧದ ಬೇರು ಪಕ್ಕದ ಬೇರಿಗೆ ಅಂಟುವ ಗಂಟಿಗೆ 'ಹೀರುಬೇರು' ಎಂದಿಟ್ಟೆವು. ಫೈಟೋಪ್ಲಾಸ್ಮಾವನ್ನು ಅನುವಾದಿಸಲು ಹೋಗಲಿಲ್ಲ. ಕಣ್ಣಿಗೆ ಕಾಣದ, ಗಿಡದ ಆಹಾರ ಸಾಗುವ ನಾಳದಲ್ಲಿ ಬದುಕುವ ಜೀವಿ, ರಸ ಹೀರುವ ಜಿಗಿಹುಳುಗಳಿಂದ ಹರಡುತ್ತದೆಂದು ನಂಬಲಾಗಿದೆ ಎಂದು ಬಿಡಿಸಿ ಬರೆದೆವು. ಎಂಟನೇ ತರಗತಿಯ ಮಕ್ಕಳಿಗೆ ಓದಲು ಕೊಟ್ಟು, ಅವರು ಎಡವಿದ ಕಡೆಯೆಲ್ಲ ವಾಕ್ಯ ಮುರಿದೆವು. ಒಳ್ಳೆಯ ರೆಂಬೆ, ರೋಗದ ರೆಂಬೆ ಎರಡನ್ನೂ ಅಕ್ಕಪಕ್ಕ ಬರೆದುಕೊಟ್ಟವಳು ಅದೇ ತರಗತಿಯ ಹುಡುಗಿ. ಅವಳು ಗಂಧದ ಗಿಡವನ್ನು ಕಂಡವಳೇ ಅಲ್ಲ, ಫೋಟೋ ನೋಡಿ ಬರೆದದ್ದು.

500 ಪ್ರತಿ ಊರಿನಲ್ಲೇ ಅಚ್ಚಾಯಿತು. ಕಳೆದ ತಿಂಗಳು ಹುಡುಗ ಫೋನ್ ಮಾಡಿದ್ದ. ಹಿರಿಯರೊಬ್ಬರು ಕರಪತ್ರವನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕಾಲೇಜಿಗೆ ಬಂದು, "ಈ ಚಿತ್ರದಲ್ಲಿ ಇರೋ ತರಾನೇ ನಮ್ಮ ಬದಿನಾಗೆ ಎರಡು ಗಿಡ ಅವೆ, ಬಂದು ನೋಡ್ತೀರಾ ಸ್ವಾಮಿ?" ಎಂದು ಕೇಳಿದರಂತೆ. ಮರುದಿನವೇ ಹೋಗಿ ಬಂದನಂತೆ. ಎರಡಕ್ಕೂ ರೋಗವೇ. ಮಿಕ್ಕ ಮೂವತ್ತು ಗಿಡ ಚೆನ್ನಾಗಿವೆ.

ಕರಪತ್ರದ ಎರಡನೆಯ ಮುದ್ರಣಕ್ಕೆ ಹೀರುಬೇರಿನ ಚಿತ್ರವೂ ಬೇಕೆಂದು ಹೇಳಿದ್ದಾನೆ. ಚಿತ್ರ ಬಿಡಿಸಬಲ್ಲವರು ಯಾವ ತರಗತಿಯಲ್ಲಿದ್ದರೂ ಸರಿ, ಕನ್ನಡ ಓದದವರಾದರೂ ಸರಿ, ಬೇಸಿಗೆ ರಜೆ ಶುರುವಾಗುವ ಮುಂಚೆ ಕನ್ನಡ ವಿಭಾಗಕ್ಕೆ ಬಂದು ನಮ್ಮನ್ನು ಕಾಣಿ.